ಮೌನಪ್ಪಜ್ಜನವರು ಕೇಳಿದ ಕಳೆಯುವ ಲೆಕ್ಕ

ಪೂಜ್ಯ ಮೌನಪ್ಪಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಫರಶಿ ಕಲ್ಲಿನ ಗಣಿಯ ಪಕ್ಕದ ಕೂಲಿಕಾರರ ಓಣಿಯಲ್ಲಿ ಒಂದು ತಗಡಿನ ಗುಡಿಸಲು, ಅಷ್ಟೇ. ಶಾಲೆಯ ಮುಖ ಕಾಣದ ಅವರು ಎಪ್ಪತ್ತು ದಾಟಿದ ಮೇಲೆ ಅಕ್ಷರ, ಲೆಕ್ಕ ಕಲಿಯಲು ಕೂತರು. ಕಲಿಸುತ್ತಿದ್ದವಳು ಕಲ್ಲೊಡೆಯುವವರ ಮಗಳು, ನಾಲ್ಕನೆಯ ತರಗತಿಯ ಹುಲಿಗೆಮ್ಮ. ಶಾಲೆಯಲ್ಲಿ ಕಲಿತದ್ದನ್ನು ಸಂಜೆ ಬಂದು ಅಜ್ಜನವರಿಗೆ ಒಪ್ಪಿಸುತ್ತಿದ್ದಳು.

ಆ ಶಾಲೆಯ ಅಮೃತರಾವ್ ಮಾಸ್ತರರು ಒಮ್ಮೆ ವರ್ಗಾವಣೆಗೆ ಶಿಫಾರಸು ಪತ್ರ ಬೇಡಿ ಬಂದರು. ಅಜ್ಜನವರ ಮಾತನ್ನು ಇಲಾಖೆಯ ಮೇಲಿನವರು ತೆಗೆದುಹಾಕುತ್ತಿರಲಿಲ್ಲ. ಮಾಸ್ತರರು ಕೆಟ್ಟವರಲ್ಲ, ಸೋತುಹೋದವರು. ಐದು ತರಗತಿಗೆ ಇಬ್ಬರೇ ಮಾಸ್ತರರು, ಅದರ ಮೇಲೆ ಸಮೀಕ್ಷೆ, ವರದಿ. ದೀಪಾವಳಿ ಕಳೆದರೆ ಅರ್ಧ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ. ಕಲಿಸಿದ್ದೆಲ್ಲ ಮಣ್ಣುಪಾಲು, ಈ ಮಕ್ಕಳು ಕಡೆಗೆ ಹಿಡಿಯುವುದು ಸುತ್ತಿಗೆಯನ್ನೇ ಎಂದುಬಿಟ್ಟರು.

ಅಜ್ಜನವರು ಎಲ್ಲ ಕೇಳಿಸಿಕೊಂಡು, ತಮ್ಮದೊಂದು ಸಂಶಯವಿದೆ ಎಂದು ಹುಲಿಗೆಮ್ಮನ ನೋಟ್‌ಬುಕ್ ಮುಂದಿಟ್ಟರು. ನಲವತ್ತೆರಡರಲ್ಲಿ ಹದಿನೇಳು ಕಳೆದರೆ ಮೂವತ್ತೈದು ಎಂದು ಬರೆದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು, ಕೆಳಗೆ ಮಾಸ್ತರರ ಸಹಿ.

“ಕಲ್ಲಿಟ್ಟು ಎಣಿಸಿದ್ವಿರಿ ಮಾಸ್ತರ, ಪ್ರತಿ ಸಲ ಇಪ್ಪತ್ತೈದೇ ಉಳಿತಾವ. ಕೂಸು ಅಂತದ, ಸರ್ ಸರಿ ಹಾಕ್ಯಾರ, ನಮ್ಮ ಕಲ್ಲೇ ತಪ್ಪ್ಯಾವ ಅಂತ. ಆ ಕಲ್ಲೆಲ್ಲಾ ಹೊರಗ ಚೆಲ್ಲಿ ಬಂತು.”

ಓದದೆ ಸರಿ ಎಳೆದು ಸಹಿ ಗೀಚುವುದು ಮಾಸ್ತರರಿಗೆ ವರ್ಷದಿಂದ ರೂಢಿಯಾಗಿತ್ತು. ಯಾರು ನೋಡುತ್ತಾರೆ ಎಂದುಕೊಂಡಿದ್ದರು. ಒಂಬತ್ತು ವರ್ಷದ ಕೂಸು ನೋಡಿತ್ತು, ತನ್ನ ಕಣ್ಣಿಗಿಂತ ಆ ಗುರುತನ್ನೇ ಹೆಚ್ಚು ನಂಬಿತ್ತು. ಈ ಕಥೆ ಬರೆಯುತ್ತಿರುವ ನಾನೂ ಮೂವತ್ತು ವರ್ಷ ಪಾಠ ಹೇಳಿದವನು; ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅಜ್ಜನವರು ಗದರಲಿಲ್ಲ. “ಪತ್ರ ಬರೆಸಿ ಇಡ್ತೀವಿ. ಹೋಗೂ ಮುಂದ ಕೂಸಿಗೆ ಒಂದು ಮಾತು ಹೇಳಿ ಹೋಗ್ರಿ, ಅದರ ಕಲ್ಲು ಖರೇ ಇದ್ವು ಅಂತ.”

ಮರುದಿನ ಮಾಸ್ತರರು ಇಡೀ ತರಗತಿಯ ಎದುರು ನಿಂತು, ತಪ್ಪು ನನ್ನದು, ನೋಡದೆ ಸರಿ ಹಾಕಿದ್ದೆ ಎಂದು ಒಪ್ಪಿಕೊಂಡರು. ಹುಲಿಗೆಮ್ಮ ಹಿಗ್ಗಲಿಲ್ಲ. ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಕೇಳಿದಳು:

“ಹಂಗಾದ್ರ ಸರ್, ಇವೆಲ್ಲಾ?”

ಹಾಳೆ ಹಾಳೆಗೂ ಅದೇ ಕೆಂಪು ಗುರುತು. ಮಾಸ್ತರರು ಅವಳ ಪಕ್ಕ ನೆಲದ ಮೇಲೆ ಕೂತು, ನೋಟ್‌ಬುಕ್ ಈಸಿಕೊಂಡು, ಮೊದಲ ಹಾಳೆಯಿಂದ ಓದತೊಡಗಿದರು. ಪತ್ರ ಒಯ್ಯಲು ಅವರು ಅಜ್ಜನವರ ಬಳಿಗೆ ಬರಲೇ ಇಲ್ಲ.