ಪಕ್ಕದ ಮನೆಯ ಬಣ್ಣದ ಎಳೆ

ಒಂದಾನೊಂದು ಕಾಲದಲ್ಲಿ, ನನಗೆ ಮೀಸೆ ಬರುವುದಕ್ಕೆ ನೂರು ವರ್ಷ ಮೊದಲು, ನಮ್ಮ ನೇಕಾರರ ಓಣಿ ಇತ್ತಂತೆ ಪುಟ್ಟಕ್ಕಾ. ಲೋಕದಲ್ಲಿ ಅಂಥ ಓಣಿ ಇನ್ನೊಂದಿಲ್ಲ, ನಿನ್ನ ಮಾವ ನಾನು ಹುಟ್ಟಿದ ಓಣಿ ಅಂದಮೇಲೆ ಕೇಳಬೇಕೇ! ಅಲ್ಲಿ ನೇಯ್ದ ಸೀರೆ ಮಡಚಿದರೆ ಹುಣಸೆಬೀಜದ ಸಿಪ್ಪೆಯೊಳಗೆ ಕೂರುತ್ತಿತ್ತಂತೆ, ಬಿಚ್ಚಿದರೆ ಆನೆಗೆ ಉಡಿಸಿಯೂ ಸೆರಗು ಉಳಿಯುತ್ತಿತ್ತಂತೆ. ನಗಬೇಡ, ಹೂಂ ಅನ್ನು.

ಆ ಓಣಿಯ ಇಪ್ಪತ್ತೊಂದು ಮನೆಯಲ್ಲಿ ಹಂಪವ್ವ ಅನ್ನೋ ಮುದುಕಿಯ ಕೈಗೆ ಸಾಟಿಯೇ ಇರಲಿಲ್ಲವಂತೆ. ಹರಿದ ಎಳೆಯನ್ನು ಅವಳು ಕೂಡಿಸಿದರೆ ಅದರ ಮೇಲೆ ನಡೆದ ಇರುವೆಯೂ ಎಡವುತ್ತಿರಲಿಲ್ಲವಂತೆ. ಪಕ್ಕದ ಮನೆಯ ಸೂಗಪ್ಪ ಹಾಕುವ ಗಂಟು ಮಾತ್ರ ಕಡಲೆಕಾಳಿನಷ್ಟು.

ಆಮೇಲೆ ಹಂಪವ್ವನಿಗೆ ಮರೆವು ಹತ್ತಿತಂತೆ. ಮೊದಲು ಉಂಡದ್ದು ಮರೆತಳು, ಆಮೇಲೆ ಸೊಸೆ ನೀಲವ್ವನ ಹೆಸರು ಮರೆತಳು, ಆಮೇಲೆ ತನಗೆ ವಯಸ್ಸಾದದ್ದನ್ನೇ ಮರೆತು, ನಮ್ಮವ್ವ ದಾರಿ ಕಾಯಾಕತ್ತಾಳ ಅಂತ ದಿನಾ ಮಧ್ಯಾಹ್ನ ಕೆರೆಯ ಕಡೆ ಹೊರಟುಬಿಡುತ್ತಿದ್ದಳಂತೆ. ನೀಲವ್ವನ ಗಂಡ ಸೀರೆ ಹೊತ್ತು ಊರೂರು ತಿರುಗುವವನು, ಮನೆಯಲ್ಲಿ ಇವಳೊಬ್ಬಳೇ. ಓಡಿ ಓಡಿ ಕರೆತರುವಳು, ಮಗ್ಗ ನಿಂತೇ ಇರುವುದು, ಕಣ್ಣಿಗೆ ನಿದ್ದೆಯಿಲ್ಲ. ಆದರೂ ಓಣಿಯವರು ಕೇಳಿದರೆ, ನಮ್ಮತ್ತಿ ಗಾಳಿ ತಿನ್ನಾಕ ಹೊಂಟಾಳ್ರಿ ಅಂತ ನಗುತ್ತಿದ್ದಳಂತೆ. ಅಂಥ ಕೈಯವಳ ಹೆಸರು ಕೆಡಬಾರದಲ್ಲ!

ಮೂರು ಉಪಾಯ ಮಾಡಿದಳಂತೆ. ಬಾಗಿಲಿಗೆ ಚಿಲಕ ಹಾಕಿದಳು, ಮುದುಕಿ ಒಳಗೆ ಅತ್ತ ಅಳುವಿಗೆ ತಾನೂ ಅತ್ತು ಚಿಲಕ ತೆಗೆದಳು. ಕಾಲಿಗೆ ಗೆಜ್ಜೆ ಕಟ್ಟಿದಳು, ಹಂಪವ್ವ ಅದನ್ನು ಬಿಚ್ಚಿ ಸೂಗಪ್ಪನ ಆಡಿಗೆ ಕಟ್ಟಿದಳು, ನೀಲವ್ವ ಸದ್ದಿನ ಹಿಂದೆ ಓಡಿ ಆಡನ್ನು ಹಿಡಿದುಕೊಂಡು ಬಂದಳು. ಆಮೇಲೆ ಅತ್ತೆಯ ಸೊಂಟಕ್ಕೆ ಉದ್ದನೆಯ ಕೆಂಪು ನೂಲು ಕಟ್ಟಿ, ಇನ್ನೊಂದು ತುದಿ ತನ್ನ ಮಗ್ಗಕ್ಕೆ ಬಿಗಿದು, ಎಳೆದರೆ ಎಚ್ಚರಾಗ್ತೈತಿ ಅಂತ ಒಂದು ಗಳಿಗೆ ಕಣ್ಣು ಮುಚ್ಚಿದಳಂತೆ.

ನೇಕಾರ್ತಿಯನ್ನು ನೂಲಿನಿಂದ ಕಟ್ಟುವುದೇ! ನೂಲು ಸೂಗಪ್ಪನ ಬಾಗಿಲಲ್ಲಿ ಪಟ್ ಅಂತ ಹರಿಯಿತು. ಹರಿದ ಎಳೆಯನ್ನು ಬಿಟ್ಟು ಹೋಗುವ ಕೈಯೇ ಅದು? ಎಲ್ಲರೂ ಊಟಕ್ಕೆ ಎದ್ದ ಹೊತ್ತು. ಹಂಪವ್ವ ಒಳಗೆ ಹೋಗಿ ಸೂಗಪ್ಪನ ಮಗ್ಗದ ಹಸಿರು ನೂಲಿಗೆ ಆ ಕೆಂಪನ್ನು ಕೂಡಿಸಿದಳು, ಅಲ್ಲಿಂದ ಹಸಿರು ಎಳೆದು ಆಚೆ ಮನೆಯ ಹಳದಿಗೆ ಕೂಡಿಸಿದಳು, ಹಳದಿ ಎಳೆದು ಅದರಾಚೆಯ ನೀಲಿಗೆ. ಹೀಗೇ ಇಪ್ಪತ್ತೊಂದು ಮಗ್ಗ!

ನೀಲವ್ವ ಎಚ್ಚೆತ್ತು, ಅತ್ತೆ ಕಾಣದೆ ಹೌಹಾರಿ ನೂಲು ಜಗ್ಗಿದಳಂತೆ. ಓಣಿಯ ಮಗ್ಗವೆಲ್ಲ ಗಡಗಡ ಅಂದು, ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಹೊರಗೆ ಬಂದರಂತೆ. ಸೂಗಪ್ಪ ಆ ಜಗ್ಗಾಟಕ್ಕೆ ಹರಿದ ತನ್ನ ಮಗ್ಗದ ಎಳೆ ಹಿಡಿದು, ನನ್ನ ಸೀರಿ ಕೆಡಿಸಿದೋರು ಯಾರು ಅಂತ ಗುಡುಗಿದನಂತೆ. ನೀಲವ್ವನಿಗೆ ಇನ್ನು ಮುಚ್ಚಿಡಲು ಆಗಲಿಲ್ಲ. ನಮ್ಮತ್ತಿಗೆ ಎಲ್ಲಾ ಮರತೈತ್ರಿ ಕಾಕಾ, ಕೆರಿಗೆ ಹೋಗ್ಯಾಳ, ನನ್ನ ಒಬ್ಬಾಕಿ ಕೈಲೆ ಆಗವಲ್ದು ಅಂದಳಂತೆ.

ಇಷ್ಟ ದಿನ ನಾವೇನ ಸತ್ತಿದ್ವೇನ ಬೇ ಅಂತ ಬೈಯುತ್ತಲೇ ಸೂಗಪ್ಪ ಓಡಿದ, ಅವನ ಹಿಂದೆ ಇಡೀ ಓಣಿ ಓಡಿತು, ಆ ಆಡೂ ಓಡಿತಂತೆ.

ಹಂಪವ್ವ ಸೊಂಟಮಟ್ಟದ ನೀರಲ್ಲಿ ನಿಂತಿದ್ದಾಳೆ! ಬಾ ಅಂದರೆ, ನೀವ್ಯಾರು ಅಂತ ಇನ್ನೊಂದು ಹೆಜ್ಜೆ ಒಳಗಿಡುತ್ತಾಳೆ. ಆಗ ಸೂಗಪ್ಪ ಕೈಯಲ್ಲಿದ್ದ ಎಳೆ ಮೇಲೆತ್ತಿ, ಯಕ್ಕಾ, ಎಳಿ ಹರದೈತಿ, ನಾನ ಗಂಟು ಹಾಕ್ಲೇನ ಅಂದನಂತೆ. ಮುದುಕಿ ಗಕ್ಕನೆ ತಿರುಗಿ, ಮುಟ್ಟಬ್ಯಾಡೋ, ನಿನ್ನ ಗಂಟು ಕಡ್ಲಿಕಾಳು, ತಾ ಇಲ್ಲಿ ಅಂತ ನೀರು ಸೀಳಿಕೊಂಡು ದಡಕ್ಕೆ ಬಂದಳಂತೆ.

ಆಮೇಲೆ ದಿನಕ್ಕೊಂದು ಮನೆಯವರು ಹಂಪವ್ವನನ್ನು ಕರೆದೊಯ್ದು ಮಗ್ಗದ ಪಕ್ಕ ಕೂರಿಸಿಕೊಂಡರಂತೆ. ಅವ್ವ ಕಾಯ್ತಾಳ ಅಂತ ಅವಳು ಎದ್ದರೆ ಜೊತೆಗೆ ನಡೆದು, ಕೆರೆ ಸುತ್ತಿಸಿ ತರುತ್ತಿದ್ದರಂತೆ. ನೀಲವ್ವ ಮೂರು ದಿನ ಮಲಗಿದ್ದಳಂತೆ, ಅವಳ ಗೊರಕೆಗೆ ಹೆಂಚು ಹಾರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹುಟ್ಟಿರಲಿಲ್ಲ, ಆದರೂ ಕಂಡಿದ್ದೇನೆ.

ಮರೆವು ಹೋಗಲಿಲ್ಲ ಪುಟ್ಟಕ್ಕಾ, ಸೊಸೆಯ ಹೆಸರು ಮತ್ತೆ ಬರಲೇ ಇಲ್ಲ. ನೀ ಯಾರ ಮಗಳು, ತಂಗಿ ಅಂತ ಹಂಪವ್ವ ಕೇಳಿದರೆ, ಇಪ್ಪತ್ತೊಂದು ಮನಿ ಮಗಳು ಅಂತ ನೀಲವ್ವ ಎದೆಯೆತ್ತಿ ಹೇಳುತ್ತಿದ್ದಳಂತೆ.

ಅವತ್ತು ಕೂಡಿಸಿದ ಎಳೆಗಳನ್ನು ಕತ್ತರಿಸಲು ಯಾರಿಗೂ ಕೈ ಬರಲಿಲ್ಲ, ಹಾಗೇ ನೇಯ್ದರಂತೆ. ಅಂದಿನಿಂದ ನಮ್ಮ ಓಣಿಯ ಒಂದೊಂದು ಸೀರೆಯಲ್ಲೂ ಒಂದು ಎಳೆ ಪಕ್ಕದ ಮನೆಯ ಬಣ್ಣದ್ದು. ಪರವೂರಿನವರು ತಪ್ಪು ನೇಯ್ಗೆ ಅಂತಾರೆ, ಅನ್ನಲಿ. ನೀನು ಹೊದ್ದಿರೋ ಹಳೇ ಸೀರೆ ನೋಡು, ಹಸಿರಿನ ನಡುವೆ ಕೆಂಪು ಕಂಡಿತೇ? ಗಂಟು ಹುಡುಕಬೇಡ, ಸಿಗೋದಿಲ್ಲ, ಅದು ಹಂಪವ್ವನ ಕೈ. ಕತೆ ಮುಗೀತು, ಕಣ್ಣು ಮುಚ್ಚು.