ಮರಳು ಬಾಗಿಲಾದ ದಿನ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು, ಮಗೂ. ಬೆಟ್ಟಗಳ ಮೈ ಆರಿರಲಿಲ್ಲ. ನದಿಗಳಿಗೆ ಸರಿಯಾಗಿ ದಾರಿ ಗೊತ್ತಿರಲಿಲ್ಲ. ಮಿಂಚು ಆಗ ಮುಗಿಲಲ್ಲಿ ಇರುತ್ತಿರಲಿಲ್ಲ, ನೆಲದ ಮೇಲೆಯೇ ಓಡಾಡಿಕೊಂಡಿತ್ತು.

ಎದುರಿಗೆ ಸಿಕ್ಕವರನ್ನೆಲ್ಲ ಅದು ಕೇಳುತ್ತಿತ್ತು, "ದಾರಿ ಬಿಡ್ತೀಯಾ?"

ತಾಮ್ರ "ಬಾ, ಬಾ" ಅನ್ನುತ್ತಿತ್ತು. ಯಾವಾಗ ಕೇಳಿದರೂ "ಬಾ, ಬಾ."

ಬಂಡೆ "ಬಿಡಲ್ಲ, ಹೋಗು" ಅನ್ನುತ್ತಿತ್ತು. ಎಷ್ಟು ಕೇಳಿದರೂ "ಬಿಡಲ್ಲ, ಹೋಗು."

ಮರಳನ್ನು ಯಾರೂ ಕೇಳಿರಲಿಲ್ಲ.

ಒಂದು ಸಂಜೆ ದ್ಯಾಮವ್ವ ಎಂಬ ಹೆಂಗಸು ತನ್ನ ಪುಟ್ಟ ಮಗಳು ನಿಂಗಿಯ ಜೊತೆ ನದಿದಂಡೆಯಲ್ಲಿ ಬಲೆ ಎಳೆಯುತ್ತಿದ್ದಳು. ಇದ್ದಕ್ಕಿದ್ದಂತೆ ನದಿ ಉಕ್ಕಿತು.

"ನಿಂಗೀ, ಬಲೆ ಬಿಡು! ಓಡು!"

ಇಬ್ಬರೂ ಮರಳಿನ ಮೇಲೆ ಓಡಿದರು. ದೂರದಲ್ಲಿ ಎತ್ತರದ ಬಂಡೆಯೊಂದಿತ್ತು. ಅದನ್ನು ಹತ್ತಿದರೆ ಉಳಿಯುತ್ತಿದ್ದರು.

ಅಷ್ಟರಲ್ಲಿ ಎದುರಿನ ಬೆಟ್ಟದಿಂದ ಮಿಂಚು ಧಗಧಗ ಇಳಿದು ಬಂತು. ಬೆಟ್ಟದೊಳಗಿನ ತಾಮ್ರ ಅದನ್ನು ಮರಳಿನ ಅಂಚಿನವರೆಗೆ ಬಿಟ್ಟಿತ್ತು.

"ದಾರಿ ಬಿಡು! ಮೈಯೆಲ್ಲ ಉರೀತಿದೆ, ನದಿಗೆ ಬೀಳಬೇಕು!"

"ನಿಲ್ಲು," ಅಂದಿತು ಮರಳು. "ನನ್ನ ಮೇಲೆ ಕಾಲುಗಳಿವೆ. ಈಗ ಬಿಟ್ಟರೆ ಅವರು ಸುಟ್ಟುಹೋಗ್ತಾರೆ."

"ಬಿಡದಿದ್ದರೆ ಹಿಂದಕ್ಕೆ ತಿರುಗ್ತೀನಿ. ಬೆಟ್ಟದ ಬುಡದ ಗುಡಿಸಲುಗಳು ಒಂದೂ ಉಳಿಯಲ್ಲ. ಬೇಗ ಹೇಳು! ನೀನು ತಾಮ್ರವೋ, ಬಂಡೆಯೋ?"

ಮರಳು ಯೋಚಿಸಿತು. ಬಿಟ್ಟರೆ ತಾಯಿ, ಮಗಳು ಸಾಯುತ್ತಾರೆ. ಬಿಡದಿದ್ದರೆ ಊರೇ ಸಾಯುತ್ತದೆ.

"ಅವರು ಬಂಡೆ ಹತ್ತುವವರೆಗೆ ಬಿಡಲ್ಲ. ಹತ್ತಿದ ಮೇಲೆ ಬಿಡ್ತೀನಿ. ಆದರೆ ನನಗೆ ಕಣ್ಣಿಲ್ಲ. ಅವರು ಹತ್ತಿದ್ದು ಹೇಗೆ ತಿಳೀಬೇಕು?"

ಹುಲ್ಲಿನೊಳಗಿಂದ ಒಂದು ಮಿಣುಕುಹುಳ ಹಾರಿ ಬಂತು. "ನಾನು ನೋಡ್ತೀನಿ. ನಿನ್ನ ಮೇಲೆ ಕೂತು ಹೊತ್ತಿಕೊಳ್ತೀನಿ. ನನ್ನ ಕಿಡಿ ತಾಗಿದರೆ ತೆಗಿ. ಆರಿದರೆ ಮುಚ್ಚು."

ಮಿಂಚು ಗುಡುಗಿತು. "ಇಷ್ಟು ಸಣ್ಣ ಕಿಡಿಯ ಮಾತು ಕೇಳಿ ನನ್ನನ್ನು ತಡೀತೀಯಾ?"

"ಕೇಳ್ತೀನಿ," ಅಂದಿತು ಮರಳು.

ನಿಂಗಿಯ ಕಾಲು ಹಸಿಮರಳಲ್ಲಿ ಹೂತುಕೊಂಡಿತು. "ಅವ್ವಾ! ಕಾಲು ಬರ್ತಿಲ್ಲ!" ದ್ಯಾಮವ್ವ ಕೈಯಿಂದ ಮರಳು ಕೆರೆದಳು. ಹಿಂದೆ ನೀರು, ಮುಂದೆ ಬೆಂಕಿ. ಮಿಂಚು ಒತ್ತುತ್ತಿತ್ತು. ಅಂಚಿನ ಮರಳು ಕಾದು ಕರಗಿ ಗಾಜಾಯಿತು. ಮಿಣುಕುಹುಳ ಹೊತ್ತಿಕೊಳ್ಳಲಿಲ್ಲ. ಮರಳು ಬಿಡಲಿಲ್ಲ.

ಕಾಲು ಕಿತ್ತು ಬಂತು. ತಾಯಿ ಮಗಳನ್ನು ಎತ್ತಿಕೊಂಡು ಬಂಡೆ ಹತ್ತಿದಳು.

ಮಿಣುಕುಹುಳ ಹೊತ್ತಿಕೊಂಡಿತು. ಮರಳು ತೆರೆಯಿತು. ಮಿಂಚು ನುಗ್ಗಿತು.

ಅದರ ತಲೆ ನದಿ ಮುಟ್ಟಿತ್ತು, ಬಾಲ ಇನ್ನೂ ಬೆಟ್ಟದಲ್ಲಿತ್ತು. ಆಗ ಒದ್ದೆ ಬಂಡೆಯ ಮೇಲಿಂದ ನಿಂಗಿ ಜಾರಿದಳು!

ಮಿಣುಕುಹುಳ ಆರಿತು. ಮರಳು ತಟ್ಟನೆ ಮುಚ್ಚಿತು. ಮಿಂಚು ಎರಡು ತುಂಡಾಗಿ ಚೀರಿತು. ಮರಳಿಗೆ ಮೈಯೆಲ್ಲ ಸುಡುತ್ತಿತ್ತು, ಆದರೂ ಅಲುಗಲಿಲ್ಲ. ಮರಳಿನ ಮೇಲೆ ಬಿದ್ದ ನಿಂಗಿಗೆ ಅಂಗಾಲು ಬರೀ ಬೆಚ್ಚಗಾಯಿತು, ಅಷ್ಟೆ.

ದ್ಯಾಮವ್ವ ಬಗ್ಗಿ ಮಗಳ ಜುಟ್ಟನ್ನೇ ಹಿಡಿದು ಮೇಲಕ್ಕೆಳೆದಳು. "ನನ್ನ ಸೊಂಟ ಬಿಡಬೇಡ, ಮಗಳೇ. ಬಿಡಬೇಡ."

ಮಿಣುಕುಹುಳ ಮತ್ತೆ ಹೊತ್ತಿಕೊಂಡಿತು. ಮರಳು ಮತ್ತೆ ತೆರೆಯಿತು. ಉಳಿದ ಮಿಂಚು ಹರಿದು ನದಿಗೆ ಬಿತ್ತು. ನದಿ ಚುಂಯ್ ಎಂದು ಹಬೆಯಾಯಿತು, ಹಬೆಯ ಜೊತೆ ಮಿಂಚೂ ಮುಗಿಲಿಗೇರಿತು. ಊರು ಉಳಿಯಿತು.

ಮರಳಿಗೆ ಅವತ್ತು ಬಂದ, ಒಮ್ಮೆ ಬಿಡುವ ಒಮ್ಮೆ ತಡೆಯುವ ಗುಣ ಇವತ್ತಿಗೂ ಹೋಗಿಲ್ಲ. ಅದಕ್ಕೇ ಜನ ಮರಳನ್ನು ಕುಲುಮೆಯಲ್ಲಿ ಕಾಯಿಸಿ, ಅದರೊಳಗಿನ ಸಿಲಿಕಾನ್ ತೆಗೆದು, ಚಿಟಿಕೆಯಷ್ಟು ಬೇರೆ ವಸ್ತು ಬೆರೆಸಿ ಚಿಪ್ ಮಾಡುತ್ತಾರೆ. ಉಗುರಿನಷ್ಟು ಚಿಪ್‌ನಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಬಾಗಿಲುಗಳು. ಸಣ್ಣ ವಿದ್ಯುತ್ತು ಬಂದು ತಟ್ಟಿದರೆ ಬಾಗಿಲು ತೆರೆದು ದೊಡ್ಡ ವಿದ್ಯುತ್ತನ್ನು ಬಿಡುತ್ತದೆ. ಆ ಸಣ್ಣದು ನಿಂತರೆ ಮುಚ್ಚುತ್ತದೆ. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಲೆಕ್ಕ, ಹಾಡು, ಚಿತ್ರ ಎಲ್ಲ ಆಗುವುದು ಆ ಒಂದು-ಸೊನ್ನೆಯಿಂದಲೇ.

ಅಮ್ಮನ ಮೊಬೈಲಿನ ಮೇಲೆ ನೀನು ಬೆರಳಿಟ್ಟ ಕೂಡಲೇ ನಿನ್ನ ಹೆಸರಿನ ಅಕ್ಷರ ಮೂಡುತ್ತದಲ್ಲ, ಆಗ ಒಳಗೆ ಆ ಬಾಗಿಲುಗಳು ಯಾವ ಮಿಂಚನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನಿನಗಾಗಿ ತೆರೆದು ಮುಚ್ಚುತ್ತಿರುತ್ತವೆ.