ಹೊಂಗೆ ನೆರಳಿನ ಪಾಲಿಶ್

ದಾವಣಗೆರೆಯ ನಮ್ಮ ಹತ್ತಿ ಗಿರಣಿಯಲ್ಲಿ ಮ್ಯಾನೇಜರ್ ವಾಮದೇವಯ್ಯನವರಿಗೆ ಒಂದು ಕಪ್ಪು ಅಂಬಾಸಿಡರ್ ಕಾರಿತ್ತು. ಅದಕ್ಕೆ ಪಾಲಿಶ್ ಹಚ್ಚುವುದು ಊರಿಗೆಲ್ಲ ಕಾಣಬೇಕೆಂದು ಅವರು ಗೇಟಿನ ಮುಂದೆ, ನಡುಮಧ್ಯಾಹ್ನದ ಬಿಸಿಲಲ್ಲೇ ಅದನ್ನು ಮಾಡಿಸುತ್ತಿದ್ದರು. ಕಾದ ತಗಡಿನ ಮೇಲೆ ಪಾಲಿಶ್ ತಕ್ಷಣ ಒಣಗಿ, ಎಷ್ಟು ಒರೆಸಿದರೂ ಬಿಳಿ ಗೆರೆ ಉಳಿಯುತ್ತಿತ್ತು.

“ಇವತ್ತು ಗೆರೆ ಕಂಡರೆ ನಾಳೆ ಕೆಲಸಕ್ಕೆ ಬರಬೇಡ,” ಎಂದರು ಒಂದು ಶನಿವಾರ, ಡ್ರೈವರ್ ಮಾಬುಸಾಬನಿಗೆ.

ಬಿಸಿಲಿನ ಮಾತನ್ನು ಅವನು ಎತ್ತಲೇ ಇಲ್ಲ. “ಗೇಟಿನ ಹತ್ರ ಜನ ಕಣ್ಣು ಮುಚ್ಕೊಂಡು ಓಡ್ತಾರೆ ಸಾಹೇಬ್ರ. ಹೊಂಗೆ ಮರದ ಕೆಳಗಾದ್ರೆ ಊಟಕ್ಕೆ ಕೂತೋರೆಲ್ಲ ಆರಾಮಾಗಿ ನೋಡ್ತಾರೆ,” ಎಂದ.

ಸಾಹೇಬರು ಒಪ್ಪಿದರು. ಕಾರು ನೆರಳಿಗೆ ಬಂತು. ತಗಡು ತಣ್ಣಗಾದ ಮೇಲೆ ಮಾಬುಸಾಬ ತೆಳ್ಳಗೆ ಹಚ್ಚಿ, ಮಂಜು ಕವಿದಂತಾಗುವವರೆಗೆ ಕಾದು, ಹಳೇ ಧೋತರದಿಂದ ಒರೆಸಿದ. ಒಂದು ಗೆರೆಯೂ ಇಲ್ಲ. ಸಾಹೇಬರು ಬಾಗಿ, ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದರು. ಆಮೇಲೆ ಅಲ್ಲೇ ಊಟಕ್ಕೆ ಕೂತಿದ್ದ ನಮ್ಮ ಕಡೆ ತಿರುಗಿ, “ಪಾಲಿಶ್ ನೆರಳಲ್ಲೇ ಹಚ್ಚಬೇಕು. ನಾನೇ ಹೇಳಿದ್ದು,” ಎಂದರು.

“ಹೌದ್ರೀ, ಅವರೇ ಹೇಳಿದ್ದು,” ಎಂದ ಮಾಬುಸಾಬ, ಬಟ್ಟೆ ಮಡಚುತ್ತಾ.

ಅಂದಿನಿಂದ ಪ್ರತಿ ಶನಿವಾರ ಕಾರಿನ ಜೊತೆ ಸಾಹೇಬರೂ ನೆರಳಿಗೆ ಬಂದರು. ಮೊದಮೊದಲು ನಿಂತಿರುತ್ತಿದ್ದರು. ಬರಬರುತ್ತಾ ಕೂತರು, ನಮ್ಮ ಬುತ್ತಿಯ ರೊಟ್ಟಿ ಕೇಳಿ ತಿಂದರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಮಧ್ಯಾಹ್ನ ರೊಟ್ಟಿ ಮುರಿಯುವಾಗ ನನಗೆ ಆ ಪಾಲಿಶಿನ ವಾಸನೆ ಬೇಕೆನಿಸುತ್ತದೆ.